ಬಾಣಂತಿಯ ಕಾಲನ್ನೂ ನೋಡಿ

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ ಕಡೆಯ ಮನೆಗಳಲ್ಲಿ ಮಗಳು ಬೆಂಗಳೂರಿನಲ್ಲಿದ್ದರೂ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಬೆಚ್ಚಗಿನ ಕೋಣೆ, ಕಿವಿಗೆ ಹತ್ತಿ, ಎಣ್ಣೆ ತಿಕ್ಕಿ ಎರೆಯುವ ಬಿಸಿನೀರು, ಮೆಣಸಿನ ಸಾರು: ಈ ಆರೈಕೆಯಲ್ಲಿ ಅಕ್ಕರೆಯೂ ಇದೆ, ಅನುಭವವೂ ಇದೆ. ಆದರೆ ಇದೇ ವಾರಗಳಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚಿರುತ್ತದೆ ಎಂಬುದನ್ನು ಹೇಳುವವರು ಕಡಿಮೆ.

ಹೆಪ್ಪುಗಟ್ಟುವ ಗುಣ ತಾಯಿಯನ್ನು ಉಳಿಸಲೆಂದೇ ಇದೆ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದಾಗ ಅದು ಬೇಗ ನಿಲ್ಲದಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ದೇಹ ತಿಂಗಳುಗಳ ಮೊದಲೇ ಅಣಿಯಾಗುತ್ತದೆ. ಹೆಪ್ಪು ಕಟ್ಟಿಸುವ ಫೈಬ್ರಿನೋಜನ್‌ನಂಥ ಪ್ರೋಟೀನುಗಳು ಏರುತ್ತವೆ, ಹೆಪ್ಪನ್ನು ತಡೆಯುವ ಪ್ರೋಟೀನ್ ಎಸ್ ಇಳಿಯುತ್ತದೆ. ಜೊತೆಗೆ ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ರಕ್ತನಾಳಗಳನ್ನು ಒತ್ತುವುದರಿಂದ ಕಾಲಿನ ರಕ್ತ ಮೇಲೇರುವುದು ನಿಧಾನವಾಗುತ್ತದೆ. ತೋಟದ ಬಸಿಗಾಲುವೆಯಲ್ಲಿ ನೀರು ನಿಂತಲ್ಲೇ ಕಸ ಸೇರುವಂತೆ, ರಕ್ತ ನಿಂತಲ್ಲಿ ಹೆಪ್ಪು ಸೇರುತ್ತದೆ. ಎಡಗಾಲಿನ ಅಭಿಧಮನಿಯ ಮೇಲೆ ಬಲಗಡೆಯ ಅಪಧಮನಿಯೊಂದು ಹಾದುಹೋಗಿ ಅದನ್ನು ಒತ್ತುವುದರಿಂದ ಗರ್ಭಿಣಿಯರಲ್ಲಿ ಎಡಗಾಲಿಗೇ ಈ ತೊಂದರೆ ಹೆಚ್ಚು.

ಇದು ಸಾವಿರ ಗರ್ಭಿಣಿಯರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವ ತೊಂದರೆ. ಆದರೂ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಅಪಾಯ ನಾಲ್ಕೈದು ಪಟ್ಟು. ಹೆರಿಗೆಯ ನಂತರದ ಆರು ವಾರಗಳಲ್ಲಿ ಅದಕ್ಕಿಂತಲೂ ಜಾಸ್ತಿ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣ ಹೋಗಬಹುದು.

ಮಿದುಳಿನ ಅಭಿಧಮನಿಗಳಲ್ಲೂ ಹೆಪ್ಪು ಕಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಸಂಗಡಿಗರು ಬಾಣಂತಿಯರಲ್ಲಿ ಕಾಣುವ ಈ ಕಾಯಿಲೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಡಿಮೆ ಪ್ರಮಾಣದಲ್ಲಿ ಕೊಡುವ, ಹೆಪ್ಪು ತಡೆಯುವ ಔಷಧವಾದ ಹೆಪಾರಿನ್‌ನಿಂದ ಪ್ರಯೋಜನವಿದೆ ಎಂದು ಅವರು 1999ರಲ್ಲಿ ವರದಿ ಮಾಡಿದರು. ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಹೆಚ್ಚಿ ಫೋಲೇಟ್ ಕಡಿಮೆಯಾದವರಿಗೆ ಅಪಾಯ ಹೆಚ್ಚು ಎಂದು ಅವರದೇ 2008ರ ಅಧ್ಯಯನ ತೋರಿಸಿತು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲೇಟ್‌ನ ರೂಪವಾದ ಫೋಲಿಕ್ ಆಮ್ಲವೂ ಇರುತ್ತದೆ. ಹೆರಿಗೆಯಾದ ಮೇಲೂ 180 ದಿನ ಅದನ್ನು ನುಂಗಬೇಕು. ಮಗು ಹುಟ್ಟಿತೆಂದು ಬಿಡುವಂತಿಲ್ಲ.

ಬಾಣಂತನದ ಪದ್ಧತಿಗಳಲ್ಲಿ ತಿದ್ದಬೇಕಾದವು ಎರಡೇ. ಒಂದು ನೀರು. ‘ನಂಜಾಗುತ್ತದೆ’, ‘ಹೊಟ್ಟೆ ಬರುತ್ತದೆ’ ಎಂದು ನೀರು ಕೊಡದಿದ್ದರೆ ರಕ್ತ ಗಟ್ಟಿಯಾಗುತ್ತದೆ. ಬಿಸಿನೀರೇ ಇರಲಿ, ಬಾಯಾರಿದಷ್ಟೂ ಕೊಡಬೇಕು. ಇನ್ನೊಂದು ಮಲಗಿಸಿಯೇ ಇಡುವುದು. ಬಾಣಂತಿಗೆ ಬೇಕಾದ ವಿಶ್ರಾಂತಿ ಮನೆಗೆಲಸದಿಂದ, ಓಡಾಟದಿಂದಲ್ಲ. ಮೀನಖಂಡ ಬಿಗಿಯಾದಾಗಲೆಲ್ಲ ರಕ್ತ ಹೃದಯದತ್ತ ನೂಕಲ್ಪಡುತ್ತದೆ. ಸಿಸೇರಿಯನ್ ಆದವರೂ ವೈದ್ಯರು ಹೇಳಿದ ಕೂಡಲೇ ಎದ್ದು ಜಗುಲಿಯ ಉದ್ದಕ್ಕೆ ನಾಲ್ಕು ಹೆಜ್ಜೆ ಹಾಕಬೇಕು. ಕರ್ನಾಟಕದಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಆಗಿರುವಾಗ ಈ ಮಾತಿಗೆ ತೂಕ ಜಾಸ್ತಿ. ಸೀಮಂತ ಮುಗಿಸಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಬಸುರಿಯೂ ನಡುನಡುವೆ ಇಳಿದು ಕಾಲಾಡಿಸಬೇಕು, ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡುತ್ತಿರಬೇಕು.

ಕೆಲವರಿಗೆ ಇಷ್ಟು ಸಾಲದು. ಹಿಂದೆ ತಮಗೋ ಒಡಹುಟ್ಟಿದವರಿಗೋ ಹೆಪ್ಪುಗಟ್ಟಿದ್ದರೆ, ವಯಸ್ಸು 35 ದಾಟಿದ್ದರೆ, ಮೈತೂಕ ತೀರಾ ಹೆಚ್ಚಿದ್ದರೆ, ಬಿಪಿ ಏರಿದ್ದರೆ, ತುಂಬ ರಕ್ತಸ್ರಾವವೋ ಸೋಂಕೋ ಆಗಿದ್ದರೆ ಅದನ್ನು ಮೊದಲ ತಪಾಸಣೆಯಿಂದಲೇ ಹೇಳಬೇಕು. ಇಂಥ ಕಾರಣಗಳು ಎರಡು ಮೂರು ಸೇರಿದಾಗ ವೈದ್ಯರು ಹೆಪಾರಿನ್ ಚುಚ್ಚುಮದ್ದು ಕೊಡುವುದುಂಟು: ಕೆಲವರಿಗೆ ಹತ್ತು ದಿನ, ಕೆಲವರಿಗೆ ಆರು ವಾರ. ಹೆಪಾರಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ, ಹಾಲೂಡಿಸಲೂ ಅಡ್ಡಿಯಿಲ್ಲ. ಹೆಪ್ಪು ತಡೆಯುವ ಇನ್ನೊಂದು ಔಷಧವಾದ ವಾರ್ಫರಿನ್ ಮಾತ್ರೆ ಮಾಸು ದಾಟುವುದರಿಂದ ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹೀಗೆ ಅಪಾಯ ಅಳೆದು ಔಷಧ ಕೊಡುವ ಮಾರ್ಗಸೂಚಿ ಬ್ರಿಟನ್ನಿನಲ್ಲಿ 2004ರಲ್ಲಿ ಬಂತು. 2003–05ರಲ್ಲಿ ಅಲ್ಲಿ ಹೆಪ್ಪಿನಿಂದ 41 ತಾಯಂದಿರು ಸತ್ತಿದ್ದರು. 2006–08ರಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತು.

ಬಾಣಂತಿಯ ಎರಡೂ ಪಾದ ಸ್ವಲ್ಪ ಊದುವುದು ಸಹಜ. ಒಂದೇ ಕಾಲು ಊದಿ, ಮೀನಖಂಡವೋ ತೊಡೆಯೋ ನೋಯುತ್ತ ಬಿಸಿಯಾಗಿದ್ದರೆ ಎಣ್ಣೆ ಹಾಕಿ ತಿಕ್ಕಬೇಡಿ. ಅದೇ ದಿನ ಆಸ್ಪತ್ರೆಗೆ ತೋರಿಸಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿದಾಗ ರಕ್ತ, ಬಿಡದ ತಲೆನೋವು, ಕೈಕಾಲಿನ ನಿಶ್ಶಕ್ತಿ, ಫಿಟ್ಸ್: ಇವುಗಳಲ್ಲಿ ಯಾವುದು ಕಂಡರೂ ಬಾಣಂತಿ ಸನ್ನಿ ಎಂದು ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಮಳೆಗಾಲದ ಮಲೆನಾಡಿನಲ್ಲಿ ತೀರ್ಥಹಳ್ಳಿ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಘಟ್ಟದ ಕೆಳಗಿನ ಮಣಿಪಾಲಕ್ಕೋ ಹೋಗಬೇಕಾಗಿ ಬಂದರೆ ದಾರಿಯಲ್ಲೇ ಹೊತ್ತು ಕಳೆಯುತ್ತದೆ. ಆದ್ದರಿಂದ ಹೊರಡುವುದನ್ನು ತಡಮಾಡಬಾರದು.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾರೆ. ತಾಯಿಗೆ ಹೆಪ್ಪಿನ ಅಪಾಯ ಹೆಚ್ಚಿರುವುದೂ ಸರಿಯಾಗಿ ಇದೇ ಆರು ವಾರ. ಮಗುವಿನ ತೂಕ ನೋಡುವ ಹೊತ್ತಿನಲ್ಲೇ ತಾಯಿಯ ಎರಡೂ ಕಾಲು ನೋಡಿ, ‘ಉಸಿರಾಟ ಹೇಗಿದೆ, ತಲೆನೋವಿದೆಯಾ, ನೀರು ಕುಡಿಯುತ್ತಿದ್ದೀಯಾ’ ಎಂದು ಕೇಳಲು ಎರಡು ನಿಮಿಷ ಸಾಕು. ಅವರು ಕೇಳಲು ಮರೆತರೆ ಮನೆಯವರೇ ನೆನಪಿಸಬಹುದು.