ಪ್ರಮಾಣ ನಕ್ಷತ್ರಗಳು ಮತ್ತು ಬೆಳಕಿನ ಅಳತೆ

ಮದುವೆಯ ಸಂದರ್ಭದಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಆಚರಣೆ ಕನ್ನಡ ನಾಡಿನಲ್ಲಿ ಇಂದಿಗೂ ಉಳಿದಿದೆ. ಮಂಕಾದ ಅರುಂಧತಿಯನ್ನು ನೇರವಾಗಿ ಗುರುತಿಸುವುದು ಕಷ್ಟ. ಆದುದರಿಂದ ಮೊದಲು ಪಕ್ಕದ ಪ್ರಕಾಶಮಾನವಾದ ವಸಿಷ್ಠವನ್ನು ತೋರಿಸಿ, ಅಲ್ಲಿಂದ ದೃಷ್ಟಿಯನ್ನು ಅರುಂಧತಿಯತ್ತ ಒಯ್ಯಲಾಗುತ್ತದೆ. ತಿಳಿದುದರ ಮೂಲಕ ತಿಳಿಯದುದನ್ನು ಕಾಣಿಸುವ ಈ ಕ್ರಮಕ್ಕೆ ಶಾಸ್ತ್ರಕಾರರು ಅರುಂಧತೀ ನ್ಯಾಯವೆಂದು ಹೆಸರಿಟ್ಟರು. ನಕ್ಷತ್ರಗಳ ಬೆಳಕನ್ನು ಅಳೆಯುವ ಆಧುನಿಕ ದ್ಯುತಿಮಾಪನ ಶಾಸ್ತ್ರವೂ ಇಂಥದೇ ಹೋಲಿಕೆಯ ತಳಹದಿಯ ಮೇಲೆ ನಿಂತಿದೆ ಎಂಬುದು ಗಮನಾರ್ಹ.

ಗ್ರೀಕ್ ಪರಂಪರೆಯಲ್ಲಿ ಕಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ವರ್ಗಗಳಾಗಿ ವಿಂಗಡಿಸಲಾಗಿತ್ತು. ಟಾಲೆಮಿಯ ನಕ್ಷತ್ರಪಟ್ಟಿ ಇದಕ್ಕೆ ಸಾಕ್ಷಿ. ಈ ಅಂದಾಜಿಗೆ ಗಣಿತದ ಖಚಿತತೆಯನ್ನು ತಂದವನು ನಾರ್ಮನ್ ಪಾಗ್ಸನ್. ಐದು ಕಾಂತಿಮಾನಗಳ ಅಂತರವೆಂದರೆ ನೂರು ಪಟ್ಟು ಬೆಳಕಿನ ವ್ಯತ್ಯಾಸ, ಅರ್ಥಾತ್ ಒಂದು ಕಾಂತಿಮಾನಕ್ಕೆ ಸುಮಾರು 2.512 ಪಟ್ಟು ಎಂದು ಆತ 1856ರಲ್ಲಿ ಸೂಚಿಸಿದನು. ಈ ಮಾನದಲ್ಲಿ ವಸಿಷ್ಠದ ಅಂಕ ಸುಮಾರು 2, ಅರುಂಧತಿಯದು ಸುಮಾರು 4. ಅಂದರೆ ವಸಿಷ್ಠವು ಆರು ಪಟ್ಟು ಉಜ್ಜ್ವಲ. ಪಾಗ್ಸನ್ 1861ರಿಂದ 1891ರವರೆಗೆ ಮದರಾಸು ವೀಕ್ಷಣಾಲಯದ ಮುಖ್ಯಸ್ಥನಾಗಿದ್ದನು. ಅದೇ ಪರಂಪರೆ ಮುಂದೆ ಕೊಡೈಕನಾಲಿನ ಮೂಲಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಹರಿದು ಬಂದಿತು.

ಮಾನವೊಂದಿದ್ದರೆ ಸಾಲದು, ಅದನ್ನು ಎಲ್ಲರೂ ಸಮಾನವಾಗಿ ಬಳಸುವಂತಿರಬೇಕು. ಊರಿಗೊಂದು ಕೊಳಗವಿದ್ದ ಕಾಲದಲ್ಲಿ ಒಂದೂರಿನ ಹತ್ತು ಕೊಳಗ ಇನ್ನೊಂದೂರಿನಲ್ಲಿ ಹತ್ತಾಗಿರಲೇಬೇಕೆಂಬ ನಿಯಮವಿರಲಿಲ್ಲ. ದೂರದರ್ಶಕಗಳ ಸ್ಥಿತಿಯೂ ಹಾಗೆಯೇ. ಕನ್ನಡಿಯ ಗಾತ್ರ, ಅದರ ಮೇಲಿನ ಧೂಳು, ಬಣ್ಣದ ಶೋಧಕ, ಬೆಳಕನ್ನು ಗ್ರಹಿಸುವ ಸಾಧನ ಇವೆಲ್ಲವೂ ಒಂದೊಂದು ಕಡೆ ಒಂದೊಂದು ಬಗೆ. ಜೊತೆಗೆ ವಾಯುಮಂಡಲವು ಬೆಳಕಿನ ಒಂದಂಶವನ್ನು ನುಂಗುತ್ತದೆ. ನಡುನೆತ್ತಿಯಿಂದ 60 ಡಿಗ್ರಿ ಕೆಳಗಿರುವ ನಕ್ಷತ್ರದ ಬೆಳಕು ಎರಡು ಪಟ್ಟು ಗಾಳಿಯನ್ನು ಹಾದು ಬರಬೇಕಾಗುತ್ತದೆ.

ಆದುದರಿಂದ ವೀಕ್ಷಕರು ಕಾಂತಿಮಾನ ಮೊದಲೇ ನಿರ್ಣಯವಾಗಿರುವ ಪ್ರಮಾಣ ನಕ್ಷತ್ರಗಳನ್ನು ಒಂದೇ ರಾತ್ರಿ ಬೇರೆ ಬೇರೆ ಎತ್ತರಗಳಲ್ಲಿ ಅಳೆಯುತ್ತಾರೆ. ಇದರಿಂದ ಆ ರಾತ್ರಿಯ ಗಾಳಿ ನುಂಗಿದ ಬೆಳಕೆಷ್ಟು, ಉಪಕರಣದ ಮೂಲಾಂಕವೆಷ್ಟು ಎಂಬುದು ತಿಳಿಯುತ್ತದೆ. ಕೆಂಪು ಮತ್ತು ನೀಲಿ ನಕ್ಷತ್ರಗಳಿಗೆ ಉಪಕರಣ ಭಿನ್ನವಾಗಿ ಸ್ಪಂದಿಸುವುದರಿಂದ ವಿವಿಧ ವರ್ಣಗಳ ಪ್ರಮಾಣ ನಕ್ಷತ್ರಗಳು ಬೇಕಾಗುತ್ತವೆ. ಈ ತಿದ್ದುಪಡಿಗಳನ್ನು ಅನ್ವಯಿಸಿದ ನಂತರವೇ ಅಜ್ಞಾತ ನಕ್ಷತ್ರದ ಅಳತೆಗೆ ಅರ್ಥ ಬರುತ್ತದೆ.

ಆದರೆ ಅಳತೆಗೋಲೇ ಬದಲಾದರೆ? ಹಾರ್ವರ್ಡಿನ ವೀಕ್ಷಕರು ಧ್ರುವ ನಕ್ಷತ್ರವನ್ನು ಹೋಲಿಕೆಗೆ ಆಧಾರವಾಗಿಸಿಕೊಂಡಿದ್ದರು. ಅಚಲತೆಗೆ ಸಂಕೇತವಾದ ಆ ಧ್ರುವದ ಬೆಳಕೇ ಏರಿಳಿಯುತ್ತದೆಂದು 1911ರಲ್ಲಿ ಹರ್ಟ್ಸ್‌ಸ್ಪ್ರಂಗ್ ಸಾಧಿಸಿದನು. ಅನಂತರ ಸೊನ್ನೆಯ ನೆಲೆಯಾಗಿ ಬಹುಕಾಲ ಮನ್ನಣೆ ಪಡೆದ ಅಭಿಜಿತ್ ನಕ್ಷತ್ರದ ಸುತ್ತ ಧೂಳಿನ ಬಳೆಯಿರುವುದು 1983ರ ಐರಾಸ್ ಉಪಗ್ರಹದ ವೀಕ್ಷಣೆಗಳಿಂದ ತಿಳಿದುಬಂದಿತು. ಹೀಗಾಗಿ ಒಂದೇ ನಕ್ಷತ್ರವನ್ನು ನೆಚ್ಚುವುದರ ಬದಲು ಹಲವನ್ನು ಪರಸ್ಪರ ತಾಳೆ ನೋಡುವ ಪದ್ಧತಿ ಬೇರೂರಿತು. ಅಮೆರಿಕದ ಆರ್ಲೋ ಲ್ಯಾಂಡೋಲ್ಟ್ 1973, 1983 ಮತ್ತು 1992ರಲ್ಲಿ ಪ್ರಕಟಿಸಿದ ಪಟ್ಟಿಗಳು ಈ ದಿಸೆಯಲ್ಲಿ ಮಹತ್ವದವು. ಅವರು ಖಗೋಳ ವಿಷುವದ್ವೃತ್ತದ ಸಮೀಪದ ನಕ್ಷತ್ರಗಳನ್ನು ಆರಿಸಿಕೊಂಡದ್ದರಿಂದ ಉತ್ತರ, ದಕ್ಷಿಣ ಗೋಲಾರ್ಧಗಳೆರಡರ ವೀಕ್ಷಕರಿಗೂ ಒಂದೇ ಮಾನ ದೊರೆಯಿತು.

ಕಾಂತಿಮಾನದಲ್ಲಿ 0.01ರ ದೋಷವೆಂದರೆ ಬೆಳಕಿನಲ್ಲಿ ಸುಮಾರು ಶೇಕಡಾ 1ರ ದೋಷ. ವಿಶ್ವದ ವಿಸ್ತರಣೆ ವೇಗಗೊಳ್ಳುತ್ತಿದೆ ಎಂಬ 1998ರ ನಿರ್ಣಯ ದೂರದ ಸೂಪರ್‌ನೋವಾಗಳ ಬೆಳಕಿನ ಅಳತೆಯನ್ನೇ ಆಧರಿಸಿದ್ದು, ಅದನ್ನು ಇನ್ನಷ್ಟು ನಿಖರಗೊಳಿಸಲು ಇಷ್ಟು ಸಣ್ಣ ದೋಷವೂ ಅಡ್ಡಿಯಾಗುತ್ತದೆ. ಬೆಳಕಿನ ಪ್ರಮಾಣ ಮೊದಲೇ ತಿಳಿದಿರುವ ಕೃತಕ ನಕ್ಷತ್ರವೊಂದನ್ನು ಕಕ್ಷೆಗೆ ಸೇರಿಸುವ ಯೋಜನೆಯನ್ನು ನಾಸಾ 2024ರಲ್ಲಿ ಪ್ರಕಟಿಸಿ, ಅದಕ್ಕೆ ಲ್ಯಾಂಡೋಲ್ಟ್ ಅವರ ಹೆಸರನ್ನೇ ಇಟ್ಟಿತು. ವಸಿಷ್ಠನಿಂದ ಅರುಂಧತಿಗೆ ಸಾಗಿದ ದೃಷ್ಟಿಯ ಹಾದಿ ಇಲ್ಲಿಯೂ ಬದಲಾಗಿಲ್ಲ; ತೋರುಗಂಬ ಎಷ್ಟು ನಂಬಲರ್ಹವೆಂಬ ಪರೀಕ್ಷೆ ಮಾತ್ರ ಕಠಿಣವಾಗುತ್ತ ಬಂದಿದೆ.