ಕ್ಯಾಂಪಿನ ಅಡುಗೆ, ಊರಿನ ಅಡುಗೆ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಬಳಿಕ ರಾಯಚೂರು ಜಿಲ್ಲೆಯ ಮಾನ್ವಿ, ಸಿಂಧನೂರು ಸೀಮೆಗೆ ಕಾಲುವೆಯ ನೀರು ಹರಿಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿ ಭತ್ತ ಬೆಳೆದರು. ಅನ್ನ, ಪಪ್ಪು, ಗೋಂಗೂರ ಪಚ್ಚಡಿ ಅವರೊಡನೆ ಬಂದವು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿಗಳು ಅನ್ನದೊಡನೆ ಮೀನು ಉಣ್ಣುತ್ತಾರೆ.

ಗೋಂಗೂರವೆಂದರೆ ನಮ್ಮ ಪುಂಡಿಪಲ್ಯವೇ. ನೆರೆಯವರ ಅಡುಗೆಯನ್ನು ಕಲಿಯುವುದು ಒಳ್ಳೆಯದು. ಆದರೆ ಅನ್ನಕ್ಕಾಗಿ ರೊಟ್ಟಿಯನ್ನು ಬಿಡಬಾರದು. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಸಹ ಇರುವುದಿಲ್ಲ.

ಗರ್ಭಿಣಿಗೆ ರಕ್ತಹೀನತೆಯುಂಟಾದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಆದ್ದರಿಂದ ರೊಟ್ಟಿ, ಬೇಳೆ, ಪುಂಡಿಪಲ್ಯ, ರೂಢಿಯಿದ್ದರೆ ಮೀನು ಆಕೆಯ ತಾಟಿನಲ್ಲಿರಲಿ. ಎಲ್ಲರೂ ಉಂಡು ಉಳಿದುದನ್ನು ಆಕೆ ಉಣ್ಣುವ ಪದ್ಧತಿ ಬೇಡ. ಪತಿ ಪತ್ನಿಯರು ಜೊತೆಯಾಗಿ ಊಟ ಮಾಡಿರಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು 180 ದಿನ ತಪ್ಪದೆ ಸೇವಿಸಬೇಕು.