ದೊಡ್ಡೇರಿಯಲ್ಲಿ ಬಾವುಟದ ಹಬ್ಬ

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ ದೊಡ್ಡೇರಿ ಎಂಬುದೊಂದು ಹೋಬಳಿಯ ಊರು. ಚರಿತ್ರೆಯ ಪುಸ್ತಕದಲ್ಲಿ ಈ ಹೆಸರನ್ನು ಕಂಡವರು ಇದನ್ನು ಇನ್ನೊಂದು ಊರೆಂದು ಭ್ರಮಿಸುವುದುಂಟು. 1695ರಲ್ಲಿ ಮರಾಠರ ಸಂತಾಜಿ ಘೋರ್ಪಡೆಯು ಮೊಗಲರ ಸೇನಾನಿ ಕಾಸಿಂ ಖಾನನನ್ನು ಮುತ್ತಿದ ದೊಡ್ಡೇರಿ ಚಳ್ಳಕೆರೆಯ ಕಡೆಯದು. ನಮ್ಮ ದೊಡ್ಡೇರಿಗೆ ಅಂಥ ಯುದ್ಧದ ಕೀರ್ತಿಯಿಲ್ಲ. ಕೆಂಪು ಮಣ್ಣಿನ ಹೊಲಗಳು, ಬೋಳು ಬಂಡೆಯ ಗುಡ್ಡಗಳು, ಮಳೆಯನ್ನೇ ನಂಬಿದ ಕಡಲೆಕಾಯಿ ಮತ್ತು ರಾಗಿಯ ಬೆಳೆ, ಇಷ್ಟೇ ಅದರ ಸಂಪತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಶೈಕ್ಷಣಿಕ ಜಿಲ್ಲೆಯಲ್ಲಿ ಇಂಥ ಊರುಗಳು ನೂರಾರು. ರಾಜಧಾನಿಯಿಂದ ದೂರವಿರುವ ಈ ಊರುಗಳಲ್ಲಿ ಆಗಸ್ಟ್ 15 ಹೇಗೆ ಬರುತ್ತದೆಂಬುದನ್ನು ನೋಡೋಣ.

ಆ ದಿನಗಳಲ್ಲಿ ಹೊಲದಲ್ಲಿ ಕಳೆ ತೆಗೆಯುವ ಕೆಲಸ. ಬೆಳೆಗೆ ರಜೆಯಿಲ್ಲ, ಕೂಲಿಗೆ ಹೋಗುವವರಿಗೂ ರಜೆಯಿಲ್ಲ. ಆದುದರಿಂದ ಹಳ್ಳಿಯ ರಾಷ್ಟ್ರೀಯ ಹಬ್ಬವು ಬಹುಮಟ್ಟಿಗೆ ಮಕ್ಕಳ ಹಬ್ಬ. ಹಿಂದಿನ ಸಂಜೆಯೇ ಮಕ್ಕಳು ಶಾಲೆಯ ಅಂಗಳವನ್ನು ಗುಡಿಸಿ ನೀರು ಚಿಮುಕಿಸುತ್ತಾರೆ. ಧ್ವಜಸ್ತಂಭದ ಕಟ್ಟೆಗೆ ಸುಣ್ಣ ಬಳಿಯುತ್ತಾರೆ. ಬಣ್ಣದ ಕಾಗದದ ಪರಪರಿಯನ್ನು ಗೋಂದಿನಿಂದ ದಾರಕ್ಕೆ ಅಂಟಿಸುತ್ತಾರೆ. ಬೆಳಗಾದೊಡನೆ ಪ್ರಭಾತಫೇರಿ ಹೊರಡುತ್ತದೆ. ಸಾಲುಗಟ್ಟಿ ಜಯಘೋಷ ಮಾಡುತ್ತ ಬರುವ ಮಕ್ಕಳಲ್ಲಿ ತನ್ನ ಮಗುವೆಲ್ಲಿದೆಯೆಂದು ನೋಡಲು, ಕುಡುಗೋಲು ಹಿಡಿದು ಹೊಲಕ್ಕೆ ಹೊರಟ ತಾಯಿಯೂ ಒಂದು ಕ್ಷಣ ಬೀದಿಯಲ್ಲಿ ನಿಲ್ಲುತ್ತಾಳೆ. ಹಬ್ಬದಲ್ಲಿ ಆಕೆಯ ಪಾಲು ಬಹುಶಃ ಅಷ್ಟೇ.

ಧ್ವಜವನ್ನು ಕಟ್ಟುವುದೂ ಒಂದು ವಿದ್ಯೆ. ಬಾವುಟವನ್ನು ಮಡಿಸಿ, ಒಳಗೆ ಹೂವಿನ ಎಸಳುಗಳನ್ನಿಟ್ಟು, ಹಗ್ಗದಿಂದ ಸುತ್ತಿ, ಒಂದು ತುದಿಯನ್ನು ಎಳೆದೊಡನೆ ಬಿಚ್ಚಿಕೊಳ್ಳುವಂಥ ಜಾರುಗಂಟನ್ನು ಹಾಕಬೇಕು. ಗಂಟು ಸಡಿಲವಾದರೆ ಗಾಳಿಗೇ ಬಿಚ್ಚಿಹೋಗುತ್ತದೆ. ಬಿಗಿಯಾದರೆ ಬಿಚ್ಚುವುದೇ ಇಲ್ಲ. ನಾನು ಓದಿದ ಶಾಲೆಯಲ್ಲಿ ಒಮ್ಮೆ ಹೀಗಾಯಿತು. ಅತಿಥಿಗಳು ಎಳೆದರು, ಮೇಷ್ಟರು ಎಳೆದರು, ಗಂಟು ಇನ್ನಷ್ಟು ಬಿಗಿಯಿತು. ಕೊನೆಗೆ ಒಬ್ಬ ಹುಡುಗ ಕಂಬವನ್ನೇರಿ ಹಲ್ಲಿನಿಂದ ಕಚ್ಚಿ ಬಿಚ್ಚಿದನು. ಎಸಳುಗಳೆಲ್ಲ ಅವನ ತಲೆಯ ಮೇಲೆಯೇ ಸುರಿದವು! ಶಿಷ್ಟಾಚಾರದಂತೆ ಸ್ವಾತಂತ್ರ್ಯ ದಿನದಂದು ಬಾವುಟವನ್ನು ಕಂಬದ ಕೆಳಗಿನಿಂದ ಮೇಲಕ್ಕೇರಿಸಬೇಕು. ಗಣರಾಜ್ಯ ದಿನದಂದು ತುದಿಯಲ್ಲಿಯೇ ಕಟ್ಟಿದ್ದನ್ನು ಅರಳಿಸಬೇಕು. ಹಳ್ಳಿಯ ಶಾಲೆಗಳಲ್ಲಿ ಎರಡು ದಿನವೂ ತುದಿಯಲ್ಲಿ ಅರಳಿಸುವುದೇ ಹೆಚ್ಚು.

ಅರಳಿದ ಬಟ್ಟೆಯನ್ನು ಕತ್ತೆತ್ತಿ ನೋಡುವ ಮಕ್ಕಳು ತಿಳಿಯಬೇಕಾದ ಸಂಗತಿಯೊಂದುಂಟು. ಮಧುಗಿರಿ ತಾಲ್ಲೂಕಿನ ಪೂರ್ವದ ಎಲ್ಲೆಯನ್ನು ದಾಟಿದರೆ ಗೌರಿಬಿದನೂರು ತಾಲ್ಲೂಕು. ಅಲ್ಲಿ ಉತ್ತರ ಪಿನಾಕಿನಿಯ ದಡದಲ್ಲಿ, ಅಶ್ವತ್ಥ ವೃಕ್ಷಕ್ಕೂ ನಾಗರಕಲ್ಲುಗಳಿಗೂ ಹೆಸರಾದ ವಿದುರಾಶ್ವತ್ಥವಿದೆ. ಆಗಿನ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜವನ್ನು ಹಾರಿಸುವುದಕ್ಕೆ ನಿರ್ಬಂಧವಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಜನರು ಆ ನಿರ್ಬಂಧವನ್ನು ಮುರಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿಯೂ ಧ್ವಜ ಸತ್ಯಾಗ್ರಹಕ್ಕೆ ಸಾವಿರಾರು ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತಕ್ಕೂ ಮಿಕ್ಕಿದ್ದರೆಂದು ಆ ಸೀಮೆಯ ಜನರ ನಂಬಿಕೆ. ಸರ್ಕಾರ ಹೇಳಿದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಅವರು ಯಾವ ದೊಡ್ಡ ಪಟ್ಟಣದವರೂ ಅಲ್ಲ. ಸುತ್ತಲಿನ ಹಳ್ಳಿಗಳ ಸಾಮಾನ್ಯ ಜನ. ಮರುತಿಂಗಳು ಸರದಾರ್ ವಲ್ಲಭಭಾಯಿ ಪಟೇಲರಿಗೂ ದಿವಾನ ಮಿರ್ಜಾ ಇಸ್ಮಾಯಿಲ್‌ರಿಗೂ ಒಪ್ಪಂದವಾಗಿ, ಸಂಸ್ಥಾನದ ಬಾವುಟದೊಡನೆ ತ್ರಿವರ್ಣ ಧ್ವಜವೂ ಹಾರಲು ಅವಕಾಶ ದೊರೆಯಿತು. ವಿದುರಾಶ್ವತ್ಥದಲ್ಲಿ ಮಡಿದವರ ಸ್ಮಾರಕವನ್ನು ಇಂದಿಗೂ ಕಾಣಬಹುದು.

ಇನ್ನೊಂದು ಮಾತು. 1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮದಲ್ಲಿದ್ದಾಗ ಮೈಸೂರು ಸಂಸ್ಥಾನದ ಪ್ರಜೆಗಳಿಗೆ ತಮ್ಮದೇ ಆದ ಜವಾಬ್ದಾರಿ ಸರ್ಕಾರವಿನ್ನೂ ದೊರೆತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ಎದ್ದಿತು. ಅಕ್ಟೋಬರ್ ತಿಂಗಳ ಕೊನೆಯ ಭಾಗದಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ನಮ್ಮ ಕಡೆಯ ಹಿರಿಯರಿಗೆ ಸ್ವಾತಂತ್ರ್ಯವು ಹೀಗೆ ಎರಡು ಕಂತುಗಳಲ್ಲಿ ಬಂದಿತೆನ್ನಬಹುದು.

ಶಿವಪುರ, ವಿದುರಾಶ್ವತ್ಥಗಳ ಕಾಲದ ಧ್ವಜದ ನಡುವೆ ಚರಕವಿತ್ತು. 1947ರ ಜುಲೈ 22ರಂದು ಸಂವಿಧಾನ ಸಭೆಯು ಅದರ ಸ್ಥಾನದಲ್ಲಿ 24 ಅರಗಳ ಚಕ್ರವುಳ್ಳ ಧ್ವಜವನ್ನು ಅಂಗೀಕರಿಸಿತು. ಚರಕ ಹೋದರೂ ಕೈನೂಲು ಉಳಿಯಿತು. ಧಾರವಾಡ ಜಿಲ್ಲೆಯ ಗರಗದಲ್ಲಿ ಧ್ವಜಕ್ಕೆ ಬೇಕಾದ ಖಾದಿಯನ್ನು ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜಗಳನ್ನು ಸಿದ್ಧಪಡಿಸುತ್ತಾರೆ. ಅಳತೆ ಕಿರಿದಿರಲಿ ಹಿರಿದಿರಲಿ, ಉದ್ದ ಅಗಲಗಳು ಮೂರಕ್ಕೆ ಎರಡರಂತೆಯೇ ಇರಬೇಕು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ದೊರೆತಿದೆ. ಅದರಿಂದ ಬಾವುಟವು ಅಗ್ಗವಾಗಿ ಮನೆಮನೆಗೂ ತಲುಪಿತೆಂಬುದು ನಿಜ. ಆದರೆ ಕೈಮಗ್ಗವನ್ನೇ ನಂಬಿದವರ ಅನ್ನಕ್ಕೆ ಅದರಿಂದ ಕುತ್ತು ಬಂದೀತೆಂಬ ಚಿಂತೆಯೂ ನಿಜ. ನನಗಂತೂ ಖಾದಿಯ ಬಾವುಟವೇ ಮೆಚ್ಚು.

ರಾಷ್ಟ್ರಗೀತೆ 52 ಸೆಕೆಂಡುಗಳಲ್ಲಿ ಮುಗಿಯುತ್ತದೆ. ಭಾಷಣಗಳು ಅಷ್ಟು ಬೇಗ ಮುಗಿಯುವುದಿಲ್ಲ. ಬಿಸಿಲೇರಿದಂತೆ ಚಿಕ್ಕ ತರಗತಿಯ ಮಕ್ಕಳ ದೃಷ್ಟಿ ಬಾವುಟದಿಂದ ಸಿಹಿಯ ಬುಟ್ಟಿಯ ಕಡೆಗೆ ಹೊರಳುತ್ತದೆ. ಬೂಂದಿಯೋ ಪೆಪ್ಪರಮಿಂಟೋ ಕೈಗೆ ಬಂದೊಡನೆ ಅಂಗಳ ಬರಿದಾಗುತ್ತದೆ. ದೊಡ್ಡ ಮಕ್ಕಳಲ್ಲಿ ಕೆಲವರು ಊಟ ಮುಗಿಸಿ ಹೊಲದ ದಾರಿ ಹಿಡಿಯುತ್ತಾರೆ.

ಸಂಜೆ ಸೂರ್ಯ ಮುಳುಗುವ ಮುನ್ನ ಇಬ್ಬರು ವಿದ್ಯಾರ್ಥಿಗಳು ಮತ್ತೆ ಶಾಲೆಗೆ ಬರುತ್ತಾರೆ. ಏರಿಸುವಾಗ ಚುರುಕಾಗಿ ಏರಿಸಬೇಕು, ಇಳಿಸುವಾಗ ನಿಧಾನವಾಗಿ ಇಳಿಸಬೇಕು ಎಂಬುದು ನಿಯಮ. ನೆಲ ತಾಗದಂತೆ ಬಾವುಟವನ್ನು ಕೈಗೆ ತೆಗೆದುಕೊಂಡು, ಕೇಸರಿ ಹಸಿರು ಪಟ್ಟಿಗಳನ್ನು ಬಿಳಿಯ ಪಟ್ಟಿಯ ಕೆಳಕ್ಕೆ ಮಡಿಸಿ, ಚಕ್ರವು ಮೇಲೆ ಕಾಣುವಂತೆ ಎರಡೂ ಬದಿಯಿಂದ ಒಳಕ್ಕೆ ಮಡಿಸುತ್ತಾರೆ. ಮಡಿಕೆಯಲ್ಲಿ ಉಳಿದಿದ್ದ ಒಂದೆರಡು ಒಣಗಿದ ಎಸಳು ಕಟ್ಟೆಯ ಮೇಲೆ ಉದುರುತ್ತವೆ. ಅಂಗೈಗಳ ಮೇಲೆ ಹೊತ್ತು ತಂದ ಬಾವುಟವನ್ನು ಮುಖ್ಯೋಪಾಧ್ಯಾಯರು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.